ಶೀವದ ಗುಡ್ಡ

ಸಯನ್ ಎಂಬ ಹೆಸರಿನ ಮೂಲ ಮರಾಠಿಯ ‘ಶೀವ’, ಎಂದರೆ ಗಡಿ. 17ನೆಯ ಶತಮಾನದಲ್ಲಿ ಇಂಗ್ಲಿಷರು ಕಟ್ಟಿದ ಇಲ್ಲಿನ ಗುಡ್ಡದ ಕೋಟೆ ಮುಂಬಯಿ ದ್ವೀಪದ ಅಂಚನ್ನು ಕಾಯುತ್ತಿತ್ತು. ತೂಕ ಇಳಿಸಲು ಜಠರದ ಮುಕ್ಕಾಲು ಪಾಲನ್ನು ತೆಗೆಸಿಕೊಂಡ ಮೇಲೆ ಆ ಗುಡ್ಡದ ಮೆಟ್ಟಿಲುಗಳೇ ನನ್ನ ವ್ಯಾಯಾಮಶಾಲೆ.

ಏಳು ತಿಂಗಳಲ್ಲಿ 128 ಕಿಲೋ 89ಕ್ಕೆ ಇಳಿಯಿತು. ಕಾರ್ಖಾನೆಯ ಕ್ರೇನನ್ನು ಮತ್ತೆ ಏರಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ನೋಡುವುದು ತೂಕವನ್ನೇ ಎಂದು ನಂಬಿ ಹುರುಪಿನಿಂದಲೇ ಹೋದೆ. ವೈದ್ಯರು ತೂಕದ ಯಂತ್ರದತ್ತ ಕಣ್ಣು ಹಾಯಿಸಿ ಸುಮ್ಮನಾದರು.

“ಹಗಲು ತೂಕಡಿಕೆ ಬರುತ್ತದೆಯೆ? ಎದ್ದು ನಿಂತರೆ ತಲೆ ತಿರುಗುತ್ತದೆಯೆ? ಬೆರಳುಗಳು ಜೋಮು ಹಿಡಿಯುತ್ತವೆಯೆ?”

ಗೊರಕೆ, ತೂಕಡಿಕೆ ಹೋಗಿದ್ದವು. ಜೋಮು ಮಾತ್ರ ನಿಜ. ಹೇಳಿದರೆ ಕೆಲಸ ಹೋದೀತೆಂಬ ಭಯ. ಆದರೆ ನನ್ನ ಬೆರಳುಗಳ ಅಂಕೆಯಲ್ಲಿ ತೂಗುವ ಸರಕಿನ ಕೆಳಗೆ ಜನ ಓಡಾಡುತ್ತಾರೆ. ಹೇಳಿಬಿಟ್ಟೆ.

ರಕ್ತದಲ್ಲಿ ಬಿ12 ಕುಸಿದಿತ್ತು. ಅದನ್ನು ಹೀರಿಕೊಳ್ಳಲು ನೆರವಾಗುವ ಸ್ರಾವ ಹುಟ್ಟುವುದು ಜಠರದಲ್ಲೇ. ಜಠರ ಕಿರಿದಾದರೆ ಅದೂ ಕುಗ್ಗುತ್ತದೆ. ಮೈ ಹಗುರಾದ ಗರ್ವದಲ್ಲಿ ನಾನು ಮಾತ್ರೆಗಳನ್ನೂ ಬಿಟ್ಟಿದ್ದೆ. ಕೆಲವು ವಾರ ಚುಚ್ಚುಮದ್ದು. ಅಲ್ಲಿಯವರೆಗೆ ಉಗ್ರಾಣದಲ್ಲಿ ಲೆಕ್ಕ ಬರೆಯುವ ಕೆಲಸ.

ಎರಡನೆಯ ಸಲ ತೇರ್ಗಡೆಯಾದೆ. ಮನೆಯಾಕೆ ಹೋಳಿಗೆ ಮಾಡಿದಳು. ಕಾಲು ಭಾಗ ತಿಂದು, ಉಳಿದದ್ದನ್ನು ಮಗನ ತಟ್ಟೆಗೆ ದಾಟಿಸಿದೆ.