ಹದಿನೈದಕ್ಕೆ ವಯಸ್ಸಾಯ್ತಾ?

ಗುಬ್ಬಿ, ಕುಣಿಗಲ್ ಕಡೆಯ ರೈತ ಮಿತ್ರರೇ, ಇವತ್ತು ತೋಟ ಬಿಟ್ಟು ಚೆಸ್ ವಿಚಾರ.

ನಾನು ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅಭಿಮಾನಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಅವ್ರು. ರೈಲ್ವೆ ನೌಕರಿ ಮಾಡ್ಕೊಂಡೇ ಆಡ್ತಾ, 2017ರಲ್ಲಿ, 36ನೇ ವಯಸ್ಸಿಗೆ ಆ ಪಟ್ಟ ಪಡೆದ್ರು. ಮಾರನೇ ವರ್ಷ ಚೆನ್ನೈನ ಪ್ರಗ್ನಾನಂದ 12ಕ್ಕೇ ಗ್ರ್ಯಾಂಡ್‌ಮಾಸ್ಟರ್ ಆದ. ಎಲ್ಲರ ಬಾಯಲ್ಲೂ ಅವನದೇ ಮಾತು.

ಈ ಪಟ್ಟಕ್ಕೆ ಮೂರು ನಾರ್ಮ್ ಬೇಕು, ರೇಟಿಂಗ್ 2500 ಮುಟ್ಟಬೇಕು. ಆ ಮಟ್ಟದಲ್ಲಿ ತನಗಿಂತ 200 ಪಾಯಿಂಟ್ ಕೆಳಗಿರೋ ಹುಡುಗನ ಜೊತೆ ಬರೀ ಡ್ರಾ ಆದ್ರೂ ಎರಡೂವರೆ ಪಾಯಿಂಟ್ ಹೋಗುತ್ತೆ. ಒಂದು ಟೂರ್ನಿಲಿ ಕೂಡಿಟ್ಟಿದ್ದು ಇನ್ನೊಂದ್ರಲ್ಲಿ ಕರಗುತ್ತೆ. ರಾತ್ರಿ ತ್ರೀ ಫೇಸ್ ಬಂದಾಗ ಮೋಟಾರ್ ಹಾಕಿ, ಮೊಬೈಲಲ್ಲಿ ಅವರ ಫಲಿತಾಂಶ ನೋಡ್ತಿದ್ದೆ. ಒಂದು, ಸೊನ್ನೆ, ಅರ್ಧ. ಅರ್ಧ ಕಂಡ್ರೆ ಸಂಕಟ.

ನನ್ನ ಮಗಳಿಗೀಗ 15. ತುಮಕೂರಿನ ಟೂರ್ನಿಲಿ ಎಂಟು ವರ್ಷದ ಮಗು ಎದುರು ಸೋತ್ಲು. ಬಸ್ಸಲ್ಲಿ ಬರ್ತಾ, "ಅಪ್ಪ, ನಂಗೆ ವಯಸ್ಸಾಯ್ತಾ?" ಅಂದ್ಲು. ನೆಂಟರದ್ದೂ ಅದೇ ರಾಗ, ಎಂಟ್ರಿ ಫೀಸು ದಂಡ ಅಂತ. ನಾನು ತೇಜ್‌ಕುಮಾರ್ ಲೆಕ್ಕ ಹೇಳ್ದೆ: ನಿನ್ನ ವಯಸ್ಸು ದಾಟಿದ ಮೇಲೂ ಅವರಿಗೆ 21 ವರ್ಷ ಹಿಡೀತು ಕಣಮ್ಮ.

ಅವಳು ಗ್ರ್ಯಾಂಡ್‌ಮಾಸ್ಟರ್ ಆಗ್ತಾಳೆ ಅಂತ ನಾನು ಹೇಳಲ್ಲ. ಆದ್ರೆ ತೆಂಗಿನ ಸಸಿ ನೆಟ್ಟು ಆರೇಳು ವರ್ಷ ಕಾಯೋ ನಾವು, ಮಕ್ಕಳ ಹತ್ರ ಮಾತ್ರ ಎರಡನೇ ವರ್ಷಕ್ಕೇ ಕಾಯಿ ಕೇಳ್ತೀವಲ್ಲ?

ಅಡಿಕೆ ದುಡ್ಡಲ್ಲಿ ಮುಂದಿನ ಟೂರ್ನಿ ಫೀಸ್ ಎತ್ತಿಟ್ಟಿದೀನಿ. ನಿಮ್ಮೂರಲ್ಲೂ ಆಡೋ ಮಕ್ಕಳಿದ್ರೆ ಹೇಳಿ, ಒಂದೇ ಗಾಡೀಲಿ ಕರ್ಕೊಂಡು ಹೋಗಣ.