ಪಹಣಿಯಲ್ಲಿ ಇಲ್ಲದ ಹೆಸರು

ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಜಮೀನು ಯಾರದ್ದು ಎಂದಿರುತ್ತದೆ, ಹನ್ನೆರಡನೆಯದರಲ್ಲಿ ಸಾಗುವಳಿ ಯಾರದ್ದು, ಬೆಳೆ ಯಾವುದು ಎಂದು. ಹೆಣ್ಣುಮಕ್ಕಳು ಓದಿದ್ದಾರೆ, ದುಡಿಯುತ್ತಾರೆ, ಸ್ಕೂಟಿ ಓಡಿಸುತ್ತಾರೆ, ಇನ್ನು ಸ್ತ್ರೀವಾದಕ್ಕೇನು ಕೆಲಸ ಎಂದು ಕೇಳುವವರು ಉತ್ತರ ಕನ್ನಡದ ಇಡಗುಂಜಿ ಸೀಮೆಯಲ್ಲಿ ಭಾಷಣ ಕೇಳಬೇಕಾಗಿಲ್ಲ. ಈ ಎರಡು ಕಾಲಮ್ಮುಗಳನ್ನು ಓದಿದರೆ ಸಾಕು. ಹೊನ್ನಾವರ, ಕುಮಟಾ, ಭಟ್ಕಳ ತಾಲ್ಲೂಕುಗಳ ತೋಟ ಗದ್ದೆಗಳಲ್ಲಿ ಹೆಂಗಸರ ಕೈ ತಾಗದ ಕೆಲಸ ಕಡಿಮೆ. ಪಹಣಿಯಲ್ಲಿ ಅವರ ಹೆಸರು ಸಿಗುವುದು ಅದಕ್ಕಿಂತ ಕಡಿಮೆ. ಸಿಕ್ಕರೂ ಹೆಚ್ಚಾಗಿ ಗಂಡ ತೀರಿಕೊಂಡ ಮೇಲೆ.

ಹೆಸರಿದ್ದರೆ ಬರುವುದು ಒಡೆತನದ ಹೆಮ್ಮೆಯಷ್ಟೇ ಅಲ್ಲ. ಸೇವಾ ಸಹಕಾರಿ ಸಂಘ ಬೆಳೆಸಾಲ ಕೊಡುವುದು ಪಹಣಿ ನೋಡಿ. ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವುದಕ್ಕೂ ಅದೇ ಬೇಕು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಸೇರುವುದು ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ. ಸಾಲ ಪಡೆಯುವವರೇ ಹೆಚ್ಚಾಗಿ ಸಂಘದ ಸಕ್ರಿಯ ಸದಸ್ಯರು, ಮತವೂ ಆಡಳಿತ ಮಂಡಳಿಯ ಕುರ್ಚಿಯೂ ಹೆಚ್ಚಾಗಿ ಅವರದೇ. ಅಡಿಕೆಗೆ ಕೊಳೆರೋಗ ಬಂದ ವರ್ಷ ತೋಟದ ಚಿಂತೆ ಇಡೀ ಮನೆಯದು, ಪರಿಹಾರದ ಅರ್ಜಿ ಮಾತ್ರ ಯಜಮಾನನದು.

ಕಾನೂನು ಈ ಕಡೆಗೆ ಬಂದದ್ದು ಬಹಳ ನಿಧಾನವಾಗಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿಹಕ್ಕಿಗಾಗಿ ಒಂದು ಕಾಯ್ದೆ ತಂದಿತ್ತು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಕಾಯ್ದೆ ಘಟ್ಟದ ಆಚೆಯೇ ಉಳಿಯಿತು. ತೆಂಕಣ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಬಳಿಯಲ್ಲಿ ಇಳಿಯುತ್ತಿತ್ತು. ಮಿತಾಕ್ಷರ ಪದ್ಧತಿಯ ಇಲ್ಲಿನ ಮನೆಗಳಿಗೆ ಅದು ನೆರೆಯವರ ಸಮಾಚಾರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ಅಪ್ಪನ ಪಾಲಿನಲ್ಲಷ್ಟೇ ಪಾಲು ಕೊಟ್ಟಿತು, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಗನದೇ ಆಗಿ ಉಳಿಯಿತು. ಕರ್ನಾಟಕ ಆ ಹಕ್ಕನ್ನು 1994ರ ಜುಲೈ 30ರಿಂದ ಮಗಳಿಗೂ ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ತಕರಾರು ನ್ಯಾಯಾಲಯಗಳಲ್ಲಿ ಹದಿನೈದು ವರ್ಷ ಎಳೆದಾಡಿತು. ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಹೇಳಿತು. ಕಾಗದದ ಮಟ್ಟಿಗೆ ಕೆಲಸ ಮುಗಿಯಿತು.

ಆದರೆ ಕಾಗದವನ್ನು ಕಾಗದದಿಂದಲೇ ಕಳೆಯುವ ಉಪಾಯವೂ ಇದೆ. ಅದಕ್ಕೆ ಹಕ್ಕು ಬಿಡುಗಡೆ ಪತ್ರ ಎನ್ನುತ್ತಾರೆ. ಅಪ್ಪ ಹೋಗಿ ವರ್ಷಾಂತಿಕ ಮುಗಿದ ಮೇಲೋ, ಅಣ್ಣ ತಮ್ಮಂದಿರು ಪಾಲಾಗುವ ಹೊತ್ತಿಗೋ ಅಕ್ಕತಂಗಿಯರಿಗೆ ಫೋನು ಹೋಗುತ್ತದೆ: ಒಂದು ಸಹಿ ಬೇಕಿತ್ತು, ಆಧಾರ್ ಕಾರ್ಡು ತರಲು ಮರೆಯಬೇಡ. ಇಡಗುಂಜಿಯಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ಕಾಸರಕೋಡು ದಾಟಿ ಶರಾವತಿ ಸೇತುವೆಯ ಮೇಲೆ ಹಾಯುತ್ತದೆ. ಉಪನೋಂದಣಿ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಫೋಟೋ, ಯಂತ್ರದ ಮೇಲೆ ಹೆಬ್ಬೆಟ್ಟು, ಪುಟಪುಟಕ್ಕೂ ಸಹಿ. ಪತ್ರದಲ್ಲಿ ಪ್ರೀತಿ ವಿಶ್ವಾಸದಿಂದ, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಎಂಬ ಮಾತುಗಳು ಬರಹಗಾರರ ಬಳಿ ಮೊದಲೇ ಸಿದ್ಧವಿರುತ್ತವೆ. ಸರ್ವೆ ನಂಬರು, ಹೆಸರು ತುಂಬಿದರೆ ಆಯಿತು. ಮನೆಯೊಳಗಿನ ಬಿಡುಗಡೆಯಾದ್ದರಿಂದ ಮುದ್ರಾಂಕ ಶುಲ್ಕವೂ ದೊಡ್ಡ ಮೊತ್ತವಲ್ಲ. ಮಧ್ಯಾಹ್ನ ತವರಿನಲ್ಲಿ ಪಾಯಸದ ಊಟ, ಹೊರಡುವಾಗ ಅರಿಶಿನ ಕುಂಕುಮದೊಂದಿಗೆ ಸೀರೆ. ಆಮೇಲೆ ಮ್ಯುಟೇಶನ್ ಆಗಿ, ಅಕ್ಕತಂಗಿಯರ ಹೆಸರು ಒಮ್ಮೆಯೂ ಸೇರದೆ ಪಹಣಿ ಹೊಸದಾಗಿ ಬರುತ್ತದೆ.

ಅಣ್ಣಂದಿರ ಕಡೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಕರಾವಳಿಯ ಹಿಡುವಳಿಗಳು ಗುಂಟೆಗಳ ಲೆಕ್ಕದವು. ಅಪ್ಪ ಅಮ್ಮನ ಆಸ್ಪತ್ರೆ, ಔಷಧಿ ನೋಡಿಕೊಂಡವನು ಮನೆಯಲ್ಲಿ ಉಳಿದವನು. ತಂಗಿಯ ಮದುವೆಗೆ ಮಾಡಿದ ಸಾಲವೂ ಸುಳ್ಳಲ್ಲ. ಇವೆಲ್ಲ ಲೆಕ್ಕ ಹಾಕಿ ಒಂದು ಪಾಲನ್ನು ಹೆಚ್ಚೋ ಕಡಿಮೆಯೋ ಮಾಡಬಹುದಾದ ಸಂಗತಿಗಳು, ಹಣದಲ್ಲಿ ಸರಿದೂಗಿಸಬಹುದಾದವೂ ಹೌದು. ಆದರೆ ಲೆಕ್ಕವೇ ನಡೆಯುವುದಿಲ್ಲ. ಮೂವರು ಗಂಡುಮಕ್ಕಳು ಒಂದೂವರೆ ಎಕರೆಯನ್ನು ಮೂರು ಮಾಡುವಾಗ ತೋಟ ಚೂರಾಗುವ ಚಿಂತೆ ಯಾರಿಗೂ ಬರುವುದಿಲ್ಲ; ನಾಲ್ಕನೆಯದಾಗಿ ತಂಗಿಯ ಹೆಸರು ಬಂದೊಡನೆ ಆ ಅರ್ಥಶಾಸ್ತ್ರ ಎಲ್ಲರಿಗೂ ನೆನಪಾಗುತ್ತದೆ. ಮನೆಗೆಲಸಕ್ಕೂ ಹಿರಿಯರ ಶುಶ್ರೂಷೆಗೂ ಪಾಲು ಸಲ್ಲುವುದಾದರೆ ಮೊದಲು ಸಲ್ಲಬೇಕಾದದ್ದು ಅತ್ತೆ ಮಾವನ ಮಗ್ಗುಲು ಬದಲಿಸಿದ ಸೊಸೆಗೆ. ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ.

ಸಹಿ ಹಾಕುವವಳಿಗೆ ಕಾನೂನು ಗೊತ್ತಿಲ್ಲವೆಂದಲ್ಲ. ಎಷ್ಟೋ ಸಲ ಅವಳು ಪದವೀಧರೆ, ಶಿಕ್ಷಕಿ, ಬ್ಯಾಂಕಿನವಳು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ ಅವಳದು, ಚೌತಿಗೆ ಕರೆ ಬರಲಿಕ್ಕಿಲ್ಲ, ಬಾಣಂತನಕ್ಕೆ ಹೋಗಲು ಮನೆ ಇರಲಿಕ್ಕಿಲ್ಲ. ಕಾನೂನಿನ ಪ್ರಕಾರ ಅಣ್ಣನಿಗಿರುವುದೂ ತಂಗಿಯಷ್ಟೇ ಹಕ್ಕು, ಅವನಿಗೆ ಆ ಭಯವಿಲ್ಲ. ಒಂದೇ ಹಕ್ಕಿಗೆ ಒಬ್ಬರು ಸಂಬಂಧವನ್ನೇ ಬೆಲೆ ತೆರಬೇಕು, ಇನ್ನೊಬ್ಬರು ಏನೂ ತೆರಬೇಕಿಲ್ಲ. ಕಾಯ್ದೆಯ ಕೈ ಇಲ್ಲಿಗೆ ಮುಟ್ಟುವುದಿಲ್ಲ, ಸ್ತ್ರೀವಾದದ ಕೆಲಸ ಶುರುವಾಗುವುದೂ ಇಲ್ಲಿಂದಲೇ.

ತನ್ನ ಅಪ್ಪನ ತೋಟದ ಹಕ್ಕು ಬಿಟ್ಟುಕೊಟ್ಟವಳು ದುಡಿಯುವುದು ಇನ್ನೊಬ್ಬರ ಅಪ್ಪನ ತೋಟದಲ್ಲಿ. ಹೊನ್ನಾವರದ ಕಡೆ ಹೆಚ್ಚಿನದು ಚಾಲಿ ಅಡಿಕೆ. ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು, ಮೋಡ ಕಂಡರೆ ಓಡಿಬಂದು ಮುಚ್ಚಬೇಕು, ಒಣಗಿದ ಮೇಲೆ ಸುಲಿಯಬೇಕು. ಇದರ ಜೊತೆಗೆ ದನ, ಕೊಟ್ಟಿಗೆ, ಆಳುಗಳಿಗೆ ಹತ್ತು ಗಂಟೆಯ ಆಸರಿ, ಮಧ್ಯಾಹ್ನದ ಊಟ, ಬಂದ ನೆಂಟರು. ಅಡಿಕೆ ವಖಾರಿಗೋ ಸೊಸೈಟಿಗೋ ಹೋದ ಮೇಲೆ ದರದ ಮಾತು, ಪಟ್ಟಿ, ಚೆಕ್ಕು ಎಲ್ಲ ಗಂಡಸರ ವ್ಯವಹಾರ. ತವರಿನ ಪಹಣಿಗೆ ಅವಳ ಹೆಸರು ಸೇರಲೇ ಇಲ್ಲ, ಗಂಡನ ಮನೆಯ ಪಹಣಿಗೂ ಸೇರಲಿಲ್ಲ.

ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಗೋಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಡಗುಂಜಿಯ ವಿನಾಯಕನ ಸನ್ನಿಧಿಯಲ್ಲಿ ಮದುವೆಗೆ ಪ್ರಸಾದ ಕೇಳುವ ಪದ್ಧತಿ ಕೆಲವು ಸಮುದಾಯಗಳಲ್ಲಿದೆ: ಎರಡು ಪಾದಗಳಿಗೂ ಚೀಟಿ ಇಡುತ್ತಾರೆ, ಬಲಪಾದದ ಚೀಟಿ ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇರೆ ಸಂಬಂಧ ನೋಡುವುದು. ಚೀಟಿಯ ಬಗ್ಗೆ ತಕರಾರಿಲ್ಲ. ಹಿಂದೆ ಸಾಮಾನ್ಯವಾಗಿ ದೇವರನ್ನು ಕೇಳುತ್ತಿದ್ದರು, ಹುಡುಗಿಯನ್ನು ಕೇಳುತ್ತಿರಲಿಲ್ಲ. ಈಗ ಅವಳನ್ನೂ ಕೇಳುತ್ತಾರೆ, ಅವಳು ಬೇಡವೆನ್ನುತ್ತಾಳೆ. ಇದೇನೂ ಒಂದು ಜಾತಿಯ, ಒಂದು ಜಿಲ್ಲೆಯ ಕತೆಯಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವ ರೈತರು ಹೆಣ್ಣು ಕರುಣಿಸೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಉತ್ತರ ಕನ್ನಡದಲ್ಲಿ ಉತ್ತರ ಭಾರತದಿಂದ ಸೊಸೆ ತಂದ ಮನೆಗಳೂ ಉಂಟು. ಹುಡುಗಿಯರಿಗೆ ಬೆಂಗಳೂರೇ ಬೇಕು, ಸೊಕ್ಕು ಎನ್ನುವುದು ಊಟದ ಪಂಕ್ತಿಯ ತೀರ್ಪು. ಬೆಂಗಳೂರಿನಲ್ಲಿ ಅವಳ ಸಂಬಳ ಅವಳ ಖಾತೆಗೆ ಬರುತ್ತದೆ ಎಂಬುದನ್ನು ಪಂಕ್ತಿಯಲ್ಲಿ ಯಾರೂ ಹೇಳುವುದಿಲ್ಲ. ಅಮ್ಮ ಹೇಗೆ ಬದುಕಿದಳೆಂದು ಇಪ್ಪತ್ತು ವರ್ಷ ಹತ್ತಿರದಿಂದ ನೋಡಿದವಳು ಅವಳು. ಆ ಅಮ್ಮನೇ ಎಷ್ಟೋ ಸಲ, ತೋಟದ ಮನೆ ಬೇಡ ಮಗಾ ಎಂದು ಮೆಲ್ಲಗೆ ಹೇಳಿರುತ್ತಾಳೆ.

ಜಮೀನೇ ಇಲ್ಲದವರಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಕಾಸರಕೋಡಿನ ಟೊಂಕದ ಮರಳಿನಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಆ ಮರಳಿನ ಮೇಲೆ ಯಾವ ದಾಖಲೆಯೂ ಇಲ್ಲ, ಬಳಕೆಯೊಂದೇ ಇದೆ. ಅಲ್ಲಿ ಖಾಸಗಿ ಬಂದರಿನ ಕಾಮಗಾರಿ ಬಂದಾಗ ಅವರ ಬಳಿ ತೋರಿಸಲು ಕಾಗದವಿರಲಿಲ್ಲ. ರಸ್ತೆಗೆ ಇಳಿದು ಮುಂದಿನ ಸಾಲಿನಲ್ಲಿ ನಿಂತರು. ಹೀಗೆ ಬೀದಿಗಿಳಿದವರಲ್ಲಿ ಇವರೇ ಮೊದಲಿಗರಲ್ಲ. ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಹಾಡಿಗಷ್ಟೇ ಅಲ್ಲ, ಸಾರಾಯಿ ವಿರೋಧಿ ಹೋರಾಟಕ್ಕೂ ಹೆಸರಾದವರು. 2017ರಲ್ಲಿ ಪದ್ಮಶ್ರೀ ಬಂತು. ಇನ್ನೂ ಹಿಂದೆ, 1932ರ ಕರನಿರಾಕರಣೆಯ ಕಾಲದಲ್ಲಿ, ಜಪ್ತಿಯಾದ ಜಮೀನನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತಿದ್ದರು. ಆ ಜಮೀನುಗಳೂ ಅವರ ಹೆಸರಿನವಲ್ಲ ಎಂಬುದು ಬೇರೆ ಮಾತು. ಇವರಲ್ಲಿ ಹೆಚ್ಚಿನವರ ಬಾಯಲ್ಲಿ ಸ್ತ್ರೀವಾದವೆಂಬ ಮಾತು ಬಂದಿರಲಾರದು. ಆ ಮಾತನ್ನು ಆಡುತ್ತ, ಬರೆಯುತ್ತ ಬಂದವರೂ ಹತ್ತಿರದಲ್ಲೇ ಇದ್ದಾರೆ, ಲೇಖಕಿ ಎಚ್.ಎಸ್. ಅನುಪಮಾ ವೈದ್ಯೆಯಾಗಿ ನೆಲೆಸಿರುವುದು ಹೊನ್ನಾವರ ತಾಲ್ಲೂಕಿನ ಕವಲಕ್ಕಿಯಲ್ಲಿ.

ಬದಲಾದದ್ದನ್ನೂ ಹೇಳಬೇಕು. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲಾದದ್ದು 2010ರಲ್ಲಿ. ಅಧ್ಯಕ್ಷೆಯ ಗಂಡನೇ ಮಾತಾಡುವ ಸಭೆಗಳು ಇನ್ನೂ ಇವೆಯಾದರೂ ತಾವೇ ಮಾತಾಡುವ ಅಧ್ಯಕ್ಷೆಯರೂ ಇದ್ದಾರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಇಡಗುಂಜಿಗೆ ಗುಂಪುಕಟ್ಟಿ ಬರುವ ಹೆಂಗಸರಿಗೆ ಗಂಡನ ಮುಂದೆ ಕೈ ಚಾಚುವುದು ತಪ್ಪಿದೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಬಿಟ್ಟಿ ಎಂದು ಹೀಯಾಳಿಸುವವರು ಆ ಹಣ ಯಾರ ಖಾತೆಗೆ ಬರುತ್ತದೆಂಬುದನ್ನು ಗಮನಿಸಿದಂತಿಲ್ಲ.

ಗಂಡ ಹೆಂಡತಿ ಇಬ್ಬರ ಹೆಸರನ್ನೂ ಕಡ್ಡಾಯವಾಗಿ ಬರೆಯಬೇಕೆನ್ನುವ ಭೂಕಾನೂನು ಒಂದಿದೆ, 2006ರ ಅರಣ್ಯ ಹಕ್ಕು ಕಾಯ್ದೆ. ವಿವಾಹಿತರಿಗೆ ಹಕ್ಕುಪತ್ರ ಕೊಡುವುದಾದರೆ ಜಂಟಿಯಾಗಿಯೇ ಕೊಡಬೇಕು ಎನ್ನುತ್ತದೆ ಅದರ ನಾಲ್ಕನೆಯ ಕಲಮು. ಆದರೆ ಬುಡಕಟ್ಟಿನವರಲ್ಲದವರು ಎಪ್ಪತ್ತೈದು ವರ್ಷದ ವಾಸಕ್ಕೆ ಸಾಕ್ಷ್ಯ ಒದಗಿಸಬೇಕಾದ್ದರಿಂದ ಉತ್ತರ ಕನ್ನಡದ ಬಹಳಷ್ಟು ಅರ್ಜಿಗಳು ತಿರಸ್ಕೃತವಾದವು, ಹಾಗಾಗಿ ಜಂಟಿ ಹೆಸರಿನ ಕಾಗದ ಕಂಡ ಮನೆಗಳು ಕಡಿಮೆ. ಉಳಿದ ಜಮೀನಿಗೆ ಇಂಥ ಕಡ್ಡಾಯವಿಲ್ಲ, ನಿಷೇಧವೂ ಇಲ್ಲ. ತನ್ನ ಪಾಲಿಗೆ ಬಂದ ತೋಟದಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಬೇಕೆನ್ನುವವನಿಗೆ ಒಂದು ದಾನಪತ್ರ ಸಾಕು. ಅದರ ನೋಂದಣಿಯೂ ಹೊನ್ನಾವರದ ಅದೇ ಉಪನೋಂದಣಿ ಕಚೇರಿಯಲ್ಲೇ ಆಗುತ್ತದೆ.