ಕುದುರೆಯ ದಾರಿಯಲ್ಲಿ ಅಜ್ಜಿಯ ಸೈಕಲ್

ಇಂಗ್ಲೆಂಡಿನ ಬಾತ್ ಊರು ನೋಡಲು ಬಲು ಚೆಂದ. ಆದರೆ ಮಂಡಿನೋವಿನವರಿಗೆ ಹೇಳಿದ ಊರಲ್ಲ. ಅದು ಬಟ್ಟಲಿನಂಥ ಕಣಿವೆಯಲ್ಲಿದೆ. ಯಾವ ಬೀದಿ ಹಿಡಿದರೂ ಒಂದೋ ಏರು, ಇಲ್ಲವೇ ಇಳಿಜಾರು. ನನ್ನ ಮಗಳ ಮನೆಯಂತೂ ಗುಡ್ಡದ ನೆತ್ತಿಯ ಮೇಲೆ. ಹಾಲು ತರಲು ಇಳಿದರೆ, ಆ ಹಾಲು ಹಿಡಿದುಕೊಂಡು ಮತ್ತೆ ಹತ್ತಬೇಕು. ಮಂಡ್ಯದ ಬಯಲಿನಲ್ಲಿ ಅರವತ್ತಾರು ವರ್ಷ ನಡೆದ ಕಾಲು ನನ್ನದು. ಎರಡನೇ ವಾರಕ್ಕೇ ಮಗಳಿಗೆ, "ಟಿಕೆಟ್ ತಾರೀಖು ಬದಲಾಯಿಸಮ್ಮ, ಬೇಗ ಊರಿಗೆ ಹೋಗ್ತೀನಿ" ಅಂದೆ. ಮೂರು ತಿಂಗಳಿಗೆಂದು ಬಂದವಳು ನಾನು. ಅವಳು ಏನೂ ಮಾತಾಡದೆ ಪಾತ್ರೆ ತೊಳೆಯುತ್ತಾ ನಿಂತಳು.

ಬೇಸರಕ್ಕೆ ಮಂಡಿಯೊಂದೇ ಕಾರಣ ಆಗಿರಲಿಲ್ಲ. ಹನ್ನೆರಡು ವರ್ಷದ ಮೊಮ್ಮಗ ಮನೆಯಲ್ಲಿದ್ದರೂ ನಮ್ಮಿಬ್ಬರ ನಡುವೆ ಮಾತೇ ಹುಟ್ಟುತ್ತಿರಲಿಲ್ಲ. ಅವನಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ನನ್ನ ಇಂಗ್ಲಿಷ್ ಬೋರ್ಡಿನ ಮೇಲೆ ಬರೆಯಲು ಸಾಕು, ಅವನ ವೇಗಕ್ಕೆ ಸಾಲದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು, ಆಮೇಲೆ ಅವರವರ ಕೋಣೆಗೆ ಹೋಗುವುದು. ಇಷ್ಟೇ ಆಗಿತ್ತು.

ದಾರಿ ತೋರಿಸಿದವರು ಅಳಿಯಂದಿರು. "ಅತ್ತೆ, ಒಂದ್ಸಲ ಕಾಲುವೆ ಹತ್ರ ಹೋಗಿಬನ್ನಿ. ಅಲ್ಲಿ ಏರು ಅನ್ನೋದೇ ಇಲ್ಲ" ಅಂದರು.

ಹೌದಲ್ಲ! ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ನೀರು ಸಮನಾಗಿದ್ದರೆ ಅದರ ಪಕ್ಕದ ದಾರಿಯೂ ಸಮನಾಗಿಯೇ ಇರಬೇಕು. ಇದನ್ನು ಇನ್ನೊಬ್ಬರು ಹೇಳಬೇಕಾಯಿತೇ ಎಂದು ನನಗೇ ನಗು ಬಂತು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ ತುಳಿದುಕೊಂಡೇ ನಾನು ಶಾಲೆಗೆ ಹೋಗುತ್ತಿದ್ದದ್ದು.

ಮರುದಿನ ಬಸ್ಸಿನಲ್ಲಿ ಕೆಳಗಿಳಿದು ಹೋದೆವು, ಮೊಮ್ಮಗ ಮತ್ತು ನಾನು. ಅದರ ಹೆಸರು ಕೆನೆಟ್ ಅಂಡ್ ಏವನ್ ಕಾಲುವೆ. ರೆಡಿಂಗ್ ಊರಿನಿಂದ ಬ್ರಿಸ್ಟಲ್‌ವರೆಗೆ 87 ಮೈಲಿ, ಅಂದರೆ 140 ಕಿಲೋಮೀಟರ್ ಉದ್ದದ ನೀರಿನ ದಾರಿ. ಕೆಲವು ಕಡೆ ಹೊಳೆಯನ್ನೇ ಬಳಸಿಕೊಂಡಿದ್ದಾರೆ, ಉಳಿದ ಕಡೆ ಅಗೆದಿದ್ದಾರೆ. ಕಟ್ಟಿಸಿದ ಎಂಜಿನಿಯರ್ ಜಾನ್ ರೆನ್ನಿ. ಪೂರ್ತಿ ತೆರೆದದ್ದು 1810ರಲ್ಲಿ.

ನಮ್ಮ ನಾಲೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಕಂಡಿತು. ನಮ್ಮ ನಾಲೆಯ ನೀರು ಓಡುತ್ತದೆ, ಗದ್ದೆಗೆ ಹೋಗಬೇಕಾದ ಅವಸರ ಅದಕ್ಕೆ. ಇಲ್ಲಿಯ ನೀರು ಕೆರೆಯ ಹಾಗೆ ಸುಮ್ಮನೆ ನಿಂತಿದೆ. ಒಂದು ಗದ್ದೆಗೂ ತೂಬಿಲ್ಲ. "ಇಷ್ಟು ನೀರು ಯಾರಿಗೋ?" ಅಂದೆ. "ಫಾರ್ ಬೋಟ್ಸ್, ಅಜ್ಜಿ" ಅಂದ.

ದೋಣಿಗಳೇನೋ ಇದ್ದವು. ಏಳಡಿ ಅಗಲದ, ಉದ್ದನೆಯ, ಹಸಿರು ಕೆಂಪು ಬಣ್ಣ ಬಳಿದ ದೋಣಿಗಳು. ಕೆಲವರಿಗೆ ಅದೇ ಮನೆ. ಚಾವಣಿಯ ಮೇಲೆ ಸೌದೆ, ಹೂವಿನ ಕುಂಡ, ಒಂದು ಸೈಕಲ್, ಬಿಸಿಲು ಕಾಯುವ ಬೆಕ್ಕು. ಕಾಯಂ ತಂಗುದಾಣ ಇಲ್ಲದವರು 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ, ಮನೆಯನ್ನೇ ಬಿಚ್ಚಿಕೊಂಡು ಮುಂದೆ ಹೋಗಬೇಕು. ವೇಗದ ಮಿತಿಯೂ ಇದೆ: ಗಂಟೆಗೆ 4 ಮೈಲಿ. ಮಂಡಿನೋವಿಲ್ಲದ ಮನುಷ್ಯ ಸರಸರ ನಡೆದರೆ ದೋಣಿಯ ಜೊತೆಗೇ ಹೋಗಬಹುದು.

ಕಾಲುವೆಯ ಪಕ್ಕದ ಈ ಕಾಲುದಾರಿಗೆ ಟೋಪಾತ್ ಎನ್ನುತ್ತಾರೆ. ಎಳೆಯುವ ದಾರಿ ಎಂದು ಅರ್ಥ. ಮಕ್ಕಳೇ, ಈ ದಾರಿಯನ್ನು ಮನುಷ್ಯರಿಗಾಗಿ ಮಾಡಿದ್ದಲ್ಲ, ಕುದುರೆಗಾಗಿ ಮಾಡಿದ್ದು. ಆಗ ದೋಣಿಗೆ ಎಂಜಿನ್ ಇರಲಿಲ್ಲ. ದಡದ ಮೇಲೆ ಕುದುರೆ ನಡೆಯುತ್ತಿತ್ತು, ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗ ದೋಣಿಯನ್ನು ಎಳೆಯುತ್ತಿತ್ತು. ಆ ಕಾಲದ ಕೆಟ್ಟ ರಸ್ತೆಯಲ್ಲಿ ಒಂದು ಕುದುರೆ ಗಾಡಿಯಲ್ಲಿ ಎಳೆಯುತ್ತಿದ್ದದ್ದು ಒಂದೆರಡು ಟನ್. ಅದೇ ಕುದುರೆ ನೀರಿನ ಮೇಲೆ 30 ಟನ್‌ಗೂ ಹೆಚ್ಚು ಎಳೆಯುತ್ತಿತ್ತು. ನೀರು ಹೊರುತ್ತದೆ, ಕುದುರೆ ಮುಂದಕ್ಕೆ ಎಳೆದರೆ ಸಾಕು. ಕಲ್ಲಿದ್ದಲು, ಕಟ್ಟಡದ ಕಲ್ಲು, ಧಾನ್ಯ ಎಲ್ಲವೂ ಹೀಗೇ ಸಾಗಿದ್ದು.

ಮೊಮ್ಮಗ ಒಂದು ಹಳೆಯ ಸೇತುವೆಯ ಕೆಳಗೆ ನನ್ನ ಕೈ ಹಿಡಿದು ನಿಲ್ಲಿಸಿದ. ಮೂಲೆಯ ಅಂಚಿನಲ್ಲಿ ಬೆರಳಗಲದ ಗೀರುಗಳಿದ್ದವು, ಒಂದರ ಮೇಲೊಂದು. ಒದ್ದೆ ಹಗ್ಗ ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಕೊರೆದದ್ದು. ನಮ್ಮ ಹಳ್ಳಿಯ ಬಾವಿಕಟ್ಟೆಯ ಕಲ್ಲಿನಲ್ಲಿ ಇಂಥವೇ ಗೀರುಗಳಿವೆ. ಅದನ್ನು ಹೇಳಿದೆ. ಅವನು ಬೆರಳಿಟ್ಟು ನೋಡಿ, "ಕುದುರೆ?" ಎಂದು ಕೇಳಿದ, ಕನ್ನಡದಲ್ಲೇ.

ಅಲ್ಲಿಂದ ದಿನವೂ ನಡಿಗೆ. ಮೊದಲು ಅರ್ಧ ಕಿಲೋಮೀಟರ್, ಆಮೇಲೆ ಒಂದು, ಆಮೇಲೆ ಎರಡು. ಆಗಸ್ಟ್ ತಿಂಗಳಾದ್ದರಿಂದ ಬೇಲಿಯ ತುಂಬ ಕಪ್ಪು ಬ್ಲ್ಯಾಕ್‌ಬೆರ್ರಿ ಹಣ್ಣು. ಬುಡದಲ್ಲಿ ತುರಿಕೆ ಸೊಪ್ಪು, ಮುಟ್ಟಿದರೆ ಚುರುಗುಟ್ಟುತ್ತದೆ. ಬೂದು ಬಣ್ಣದ ಬಕ ಪಕ್ಷಿಯೊಂದು ದಡದಲ್ಲಿ ಜಪಕ್ಕೆ ಕುಳಿತ ಹಾಗೆ ನಿಂತಿರುತ್ತಿತ್ತು. ಸೈಕಲ್ಲಿನವರು ಹಿಂದಿನಿಂದ ಟ್ರಿಣ್ ಎಂದು ಬೆಲ್ ಬಾರಿಸಿ, ನಿಧಾನ ಮಾಡಿ, ಥ್ಯಾಂಕ್ಯೂ ಹೇಳಿ ಹೋಗುತ್ತಿದ್ದರು. ಇಲ್ಲಿ ನಡೆಯುವವರಿಗೇ ಮೊದಲ ಹಕ್ಕು. ಬೆಂಗಳೂರಿನ ಫುಟ್‌ಪಾತಿನ ಮೇಲೆ ಬೈಕ್ ಹತ್ತಿಸುವ ಹುಡುಗರನ್ನು ಒಂದು ವಾರ ಇಲ್ಲಿ ತಂದು ಬಿಡಬೇಕು ಅನ್ನಿಸಿತು.

ಟಿಕೆಟ್ಟಿನ ಮಾತನ್ನು ಮಗಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ಭಾನುವಾರ ಕಾರಿನಲ್ಲಿ ಡಿವೈಜಸ್ ಎಂಬ ಊರಿಗೆ ಹೋದೆವು. ಅಲ್ಲಿ ಕಾಲುವೆಗೆ ಎದುರಾಗಿ ಕೇನ್ ಹಿಲ್ ಎಂಬ ಗುಡ್ಡವಿದೆ. ನೀರು ಗುಡ್ಡ ಹತ್ತುವುದು ಹೇಗೆ? ಮೆಟ್ಟಿಲು ಕಟ್ಟಿದರು. 2 ಮೈಲಿಯೊಳಗೆ 29 ಮೆಟ್ಟಿಲು, ಒಟ್ಟು 237 ಅಡಿ ಎತ್ತರ. ಒಂದೊಂದು ಮೆಟ್ಟಿಲಿಗೂ ಲಾಕ್ ಎನ್ನುತ್ತಾರೆ. ಅದರಲ್ಲಿ 16 ಲಾಕ್‌ಗಳು ಗುಡ್ಡದ ಮೈಮೇಲೆ ಒಂದೇ ಸಾಲಿನಲ್ಲಿ ನಿಂತಿವೆ. ಮೇಲೆ ನಿಂತು ನೋಡಿದರೆ ಕಲ್ಯಾಣಿಯ ಸೋಪಾನವನ್ನು ದೋಣಿಗಳಿಗಾಗಿ ಕಟ್ಟಿದ ಹಾಗೆ ಕಾಣುತ್ತದೆ.

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲು ಇಟ್ಟಿಗೆಯ ತೊಟ್ಟಿ. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬರುತ್ತದೆ. ಆ ಬಾಗಿಲು ಮುಚ್ಚಿ, ಮೇಲಿನ ಬಾಗಿಲ ಬಳಿಯ ಸಣ್ಣ ತೂಬನ್ನು ಕೈಹಿಡಿಕೆಯಿಂದ ತಿರುಗಿಸಿ ಎತ್ತುತ್ತಾರೆ. ಮೇಲಿನ ನೀರು ಗುಳುಗುಳು ಒಳಗೆ ನುಗ್ಗುತ್ತದೆ, ತೊಟ್ಟಿ ತುಂಬಿದಂತೆ ದೋಣಿಯೂ ಏಳುತ್ತದೆ. ಒಳಗೂ ಹೊರಗೂ ನೀರು ಸಮವಾದ ಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಬಾಗಿಲುಗಳು ಜೋಡಿಯಾಗಿದ್ದು, ಮೇಲಿನ ನೀರಿನ ಕಡೆಗೆ ಕೈಮುಗಿದ ಹಾಗೆ ಮೂಲೆ ಮಾಡಿಕೊಂಡು ಮುಚ್ಚುತ್ತವೆ. ನೀರು ಒತ್ತಿದಷ್ಟೂ ಬಿಗಿಯಾಗುತ್ತವೆ. ಕರೆಂಟೂ ಇಲ್ಲ, ಮೋಟಾರೂ ಇಲ್ಲ. ಬಾಗಿಲು ತಳ್ಳಲು ಉದ್ದನೆಯ ಮರದ ತೊಲೆ, ಅದಕ್ಕೆ ಬೆನ್ನು ಕೊಟ್ಟು ಹಿಂದಕ್ಕೆ ನಡೆಯಬೇಕು. ಒಂದು ದೋಣಿಯವರು ಕರೆದರು. ಮೊಮ್ಮಗನೂ ನಾನೂ ಬೆನ್ನು ಕೊಟ್ಟೆವು. ಮೊದಲು ಅಲುಗಲೇ ಇಲ್ಲ, ಆಮೇಲೆ ಆನೆ ಎದ್ದ ಹಾಗೆ ಮೆಲ್ಲಗೆ ಸರಿಯಿತು. 29 ಲಾಕ್‌ಗಳನ್ನೂ ದಾಟಲು ದೋಣಿಗೆ ಐದಾರು ಗಂಟೆ ಬೇಕು. ಮೊಮ್ಮಗ ಲಾಕ್‌ಗೆ ತೂಬುಮನೆ ಎಂದು ಹೆಸರಿಟ್ಟ. ನನಗೆ ಅದೇ ಸರಿಯಾದ ಹೆಸರೆನ್ನಿಸಿತು.

ಆದರೆ ನಾನು ಮಂಡ್ಯದವಳು, ನೀರಿನ ಲೆಕ್ಕ ಬಿಡುವುದಿಲ್ಲ. ಒಂದು ಸಲ ಲಾಕ್ ತೆರೆದರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಮೇಲೆ ನೀರು ಉಳಿಯುವುದು ಹೇಗೆ ಎಂದು ಅಳಿಯಂದಿರನ್ನು ಕೇಳಿದೆ. ಒಂದೇ ಸಾಲಿನಲ್ಲಿ ನಿಂತ ಆ ಲಾಕ್‌ಗಳ ಪಕ್ಕದಲ್ಲಿ ನೀರು ಕೂಡಿಡಲು ಅಗಲವಾದ ಕೊಳ ಮಾಡಿದ್ದಾರೆ. ಸಾಲದ್ದಕ್ಕೆ 1996ರಲ್ಲಿ ಕೆಳಗೊಂದು ಪಂಪು ಕೂರಿಸಿ, ಇಳಿದ ನೀರನ್ನು ಮತ್ತೆ ಗುಡ್ಡದ ಮೇಲಕ್ಕೆ ಕಳಿಸುತ್ತಾರೆ. ಕೇಳಿ ಸಮಾಧಾನವಾಯಿತು.

ಈ ಕಾಲುವೆ ಒಂದು ಸಲ ಸತ್ತು ಬದುಕಿದ್ದು. 1841ರಲ್ಲಿ ಲಂಡನ್ನಿನಿಂದ ಬ್ರಿಸ್ಟಲ್‌ಗೆ ರೈಲು ಬಂತು. ದಿನಗಟ್ಟಲೆ ಸಾಗುತ್ತಿದ್ದ ಸರಕು ಗಂಟೆಗಳಲ್ಲಿ ಹೋಗತೊಡಗಿತು. 1852ರ ಹೊತ್ತಿಗೆ ಕಾಲುವೆಯನ್ನು ರೈಲ್ವೆ ಕಂಪನಿಯೇ ಕೊಂಡುಕೊಂಡಿತು. ಪೈಪೋಟಿಯವನ ಅಂಗಡಿ ಕೊಂಡವನು ಅದನ್ನು ಎಷ್ಟು ಚೆನ್ನಾಗಿ ನಡೆಸಿಯಾನು? ನೂರು ವರ್ಷದಲ್ಲಿ ಬಾಗಿಲುಗಳು ಕೊಳೆತು, ಹಲವು ಕಡೆ ನೀರು ಸೋರಿ, ದೋಣಿ ಓಡಾಡುವುದು ನಿಂತಿತು. 1956ರಲ್ಲಿ ಸಾವಿರಾರು ಜನ ಸಹಿ ಹಾಕಿ, ಕಾಲುವೆ ಮುಚ್ಚಬೇಡಿ ಎಂದು ರಾಣಿ ಎಲಿಜಬೆತ್‌ಗೆ ಅರ್ಜಿ ಬರೆದರು. ಆ ಅರ್ಜಿಯನ್ನು ನೀರಿನ ದಾರಿಯಲ್ಲೇ ಲಂಡನ್ನಿಗೆ ಒಯ್ದರು. ಆಮೇಲೆ ಊರೂರಿನ ಜನ ರಜೆಯ ದಿನಗಳಲ್ಲಿ ಸಲಿಕೆ ಹಿಡಿದು ಹೂಳೆತ್ತಿದರು, ಗೋಡೆ ಕಟ್ಟಿದರು. 1990ರ ಆಗಸ್ಟ್ 8ರಂದು ಅದೇ ರಾಣಿ ಡಿವೈಜಸ್‌ಗೆ ಬಂದು ಕಾಲುವೆಯನ್ನು ಮತ್ತೆ ತೆರೆದರು. ಅರ್ಜಿಗೆ ಉತ್ತರ ಬರಲು 34 ವರ್ಷ ಹಿಡಿಯಿತು ಅನ್ನಿ.

ಇನ್ನು ಸೈಕಲ್ ಕತೆ. ಬಾತ್‌ನಿಂದ ಬ್ರಾಡ್‌ಫರ್ಡ್ ಊರಿನವರೆಗೆ 9 ಮೈಲಿ ಕಾಲುವೆಗೆ ಒಂದೂ ಲಾಕ್ ಇಲ್ಲ. ಅಂದರೆ 14 ಕಿಲೋಮೀಟರಿಗೂ ಹೆಚ್ಚು ದಾರಿ ಒಂದೇ ಮಟ್ಟ. ಇದನ್ನು ಮೊಮ್ಮಗನೇ ಪತ್ತೆ ಮಾಡಿ, ಒಂದು ಕಾಗದದ ಮೇಲೆ ಉದ್ದನೆಯ ಅಡ್ಡಗೆರೆ ಎಳೆದು ತಂದು ತೋರಿಸಿದ. ಮೂವತ್ತು ವರ್ಷದಿಂದ ನಾನು ಸೈಕಲ್ ಮುಟ್ಟಿರಲಿಲ್ಲ. ಮಂಡಿಗೆ ನಡಿಗೆಗಿಂತ ಸೈಕಲ್ಲೇ ಹಗುರ ಎಂದು ಊರಿನ ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ಮಗಳ ಸೈಕಲ್ ಸೀಟು ಇಳಿಸಿಕೊಂಡು ಮೂರು ದಿನ ಪಾರ್ಕಿನಲ್ಲಿ ತುಳಿದೆ. ಸೀರೆಯ ಬದಲು ಚೂಡಿದಾರ. ಮಗಳು ಬೇಡ ಅನ್ನಲಿಲ್ಲ. "ನೀರಿನ ಕಡೆ ಹೋಗಬೇಡಮ್ಮ, ಬೇಲಿ ಕಡೆ ಇರು" ಅಂದಳು ಅಷ್ಟೇ. ನಾಲೆ ಏರಿಯ ಮೇಲೆ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ನಾನು ಹೇಳುತ್ತಿದ್ದ ಮಾತು ಅದು.

ಡಬ್ಬಿಯಲ್ಲಿ ಚಿತ್ರಾನ್ನ, ಮುಂದೆ ಮೊಮ್ಮಗ, ಹಿಂದೆ ನಾನು. ಸೇತುವೆ ಬಂದ ಕಡೆಯೆಲ್ಲ ಇಳಿದು ತಳ್ಳಿಕೊಂಡು ಹೋದೆ, ಅಲ್ಲಿ ದಾರಿ ಕಿರಿದು. ಮಿಕ್ಕ ಕಡೆ ಪೆಡಲ್ ತಾನಾಗಿ ತಿರುಗುತ್ತಿತ್ತು. ಕ್ಲಾವರ್ಟನ್ ಎಂಬಲ್ಲಿ ನಿಂತು ಕೆಳಗಿನ ಏವನ್ ಹೊಳೆಯನ್ನು ನೋಡಿದೆವು. 1813ರಲ್ಲಿ ಅಲ್ಲೊಂದು ನೀರ್ಚಕ್ರ ಶುರುವಾಯಿತು. ಹೊಳೆಯ ಹರಿವೇ ಚಕ್ರ ತಿರುಗಿಸಿ, ಆ ಹೊಳೆಯದೇ ನೀರನ್ನು 48 ಅಡಿ ಮೇಲೆತ್ತಿ ಕಾಲುವೆಗೆ ತುಂಬುತ್ತಿತ್ತು. ಈಗ ಆ ಕೆಲಸಕ್ಕೆ ವಿದ್ಯುತ್ ಪಂಪುಗಳಿವೆ. ಹಳೆಯ ಚಕ್ರವನ್ನು ಸ್ವಯಂಸೇವಕರು ನೋಡಿಕೊಳ್ಳುತ್ತಾರೆ.

ಮುಂದೆ ಡಂಡಾಸ್ ಮೇಲ್ಗಾಲುವೆ. ಕಾಲುವೆ ಅಲ್ಲಿ ಸೇತುವೆ ಹತ್ತಿ ಹೊಳೆಯನ್ನೇ ದಾಟುತ್ತದೆ! ಜೇನು ಬಣ್ಣದ ಬಾತ್ ಕಲ್ಲಿನ ಮೂರು ಕಮಾನು, 1805ರಲ್ಲಿ ಮುಗಿದ ಕೆಲಸ. ಮೇಲೆ ದೋಣಿ, ಅದರ ಪಕ್ಕದಲ್ಲಿ ಸೈಕಲ್ಲಿನ ಮೇಲೆ ನಾನು, ಕೆಳಗೆ ಹೊಳೆ, ಹೊಳೆಯ ಬದಿಗೆ ರೈಲು ಹಳಿ. ಅಲ್ಲೇ ಗೋಡೆಗೆ ಒರಗಿ ಚಿತ್ರಾನ್ನ ತಿಂದೆವು. ಕೆಳಗೆ ರೈಲೊಂದು ಬಂದು ಹೋಯಿತು. ನಾನು ಹೇಳುತ್ತಿದ್ದ ನಾಲೆಯ ಕತೆಗಳನ್ನು ಮೊಮ್ಮಗ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಕೇಳಿ ಉದ್ದ ಮಾಡಿದ. ನಾಲೆಗೆ ನೀರು ಬಿಟ್ಟ ದಿನ ಊರಿನ ಹುಡುಗರೆಲ್ಲ ಏರಿಯ ಮೇಲೆ ಓಡುತ್ತಿದ್ದದ್ದನ್ನು ಅವನಿಗೆ ಎರಡು ಸಲ ಹೇಳಬೇಕಾಯಿತು.

ಬ್ರಾಡ್‌ಫರ್ಡ್ ತಲುಪಿದಾಗ ಸಂಜೆ ನಾಲ್ಕೂವರೆ. ಮಗಳು ರೈಲಿನಲ್ಲಿ ಬಂದು ಅಲ್ಲಿ ಕಾಯುತ್ತಿದ್ದಳು. ನನ್ನ ಮುಖ ನೋಡಿ, ಮಂಡಿ ನೋಡಿ, ಮತ್ತೆ ಮುಖ ನೋಡಿದಳು. ಮೂವರೂ ಚಹಾ ಕುಡಿದು, ಎರಡು ಸೈಕಲ್ಲನ್ನೂ ರೈಲಿಗೆ ಹತ್ತಿಸಿ, ಬಾತ್‌ಗೆ ಹೊರಟೆವು. ಹೋಗಲು ಇಡೀ ದಿನ ಹಿಡಿದ ದಾರಿಗೆ ರೈಲು ತೆಗೆದುಕೊಂಡದ್ದು ಕಾಲು ಗಂಟೆ. ಡಂಡಾಸ್ ಹತ್ತಿರ ಬರುತ್ತಲೇ ಮೊಮ್ಮಗ ಕಿಟಕಿಗೆ ಮೂಗು ಒತ್ತಿಕೊಂಡು ಕೂಗಿದ: "ಅಮ್ಮಾ, ನೋಡು, ಅಜ್ಜಿ ಅಲ್ಲಿ ಮೇಲೆ ಚಿತ್ರಾನ್ನ ತಿಂದರು!" ಅವಳು ತಲೆ ಎತ್ತುವಷ್ಟರಲ್ಲಿ ಕಮಾನು ದಾಟಿ ಹೋಗಿತ್ತು.